ಕೆಲಸಗಾರನ ಹಾಜರಿ ಅವನ ಕೈಯಲ್ಲೂ ಇರಲಿ

ಕಟ್ಟಡ ಕೆಲಸದ ಹಾಜರಿ ಪುಸ್ತಕ ಈಗ ಮೊಬೈಲಿಗೆ ಬಂದಿದೆ. ದೊಡ್ಡ ಕಂಪೆನಿಗಳ ಸೈಟುಗಳಲ್ಲಿ ಗೇಟಿನ ಬಳಿ ಮುಖ ತೋರಿಸಿ ಒಳಗೆ ಹೋಗುವ ಯಂತ್ರ ಕೂತಿದೆ. ಸಣ್ಣ ಸೈಟುಗಳಲ್ಲಿ ಸೂಪರ್‌ವೈಸರ್ ಬೆಳಿಗ್ಗೆ ಎಲ್ಲರನ್ನೂ ನಿಲ್ಲಿಸಿ ಫೋಟೋ ಹೊಡೆದು ಆ್ಯಪಿಗೆ ಹಾಕುತ್ತಾನೆ. ಇನ್ನು ಕೆಲವು ಕಡೆ ಗೋಡೆಗೆ ಅಂಟಿಸಿದ ಕ್ಯೂಆರ್ ಕೋಡನ್ನು ಕೆಲಸಗಾರನೇ ತನ್ನ ಫೋನಿನಿಂದ ಸ್ಕ್ಯಾನ್ ಮಾಡಬೇಕು. ಬಂದ ಗಂಟೆ, ಹೋದ ಗಂಟೆ, ನಿಂತ ಜಾಗ ಎಲ್ಲವೂ ತಾನಾಗಿ ದಾಖಲಾಗುತ್ತದೆ. ಮೇಸ್ತ್ರಿಯ ಜೇಬಿನಲ್ಲಿದ್ದ ಮಡಚಿದ ಪುಸ್ತಕ, ಕಿವಿಗೆ ಸಿಕ್ಕಿಸಿದ ಪೆನ್ನು ಮೆಲ್ಲನೆ ಮರೆಯಾಗುತ್ತಿವೆ.

ಇದರ ಬಗ್ಗೆ ನಮ್ಮವರಲ್ಲಿ ಎರಡು ಮಾತು ಕೇಳಿಬರುತ್ತದೆ. ಕಾಂಟ್ರಾಕ್ಟರುಗಳು, "ಉಸ್ತಾದ್, ಇನ್ನು ಮೋಸ ನಡೆಯುವುದಿಲ್ಲ. ಮೂವತ್ತು ಜನ ಬಂದು ನಲವತ್ತು ಜನರ ಲೆಕ್ಕ ಕೊಡುವುದೆಲ್ಲ ಬಂದ್" ಎನ್ನುತ್ತಾರೆ. ಕೆಲಸಕ್ಕೆ ಹೋಗುವ ಹುಡುಗರು, "ಹತ್ತು ನಿಮಿಷ ತಡವಾದರೆ ಅರ್ಧ ದಿನ ಕಟ್ ಮಾಡ್ತಾರೆ ಉಸ್ತಾದ್. ನಮ್ಮ ಮೇಲೆ ಕಣ್ಣಿಡಲಿಕ್ಕೆ ಮಾಡಿದ್ದು ಇದು" ಎನ್ನುತ್ತಾರೆ. ಇಬ್ಬರ ಮಾತಿನಲ್ಲೂ ಸತ್ಯ ಉಂಟು. ಆದರೆ ಇಬ್ಬರೂ ಕೇಳದ ಪ್ರಶ್ನೆ ಒಂದಿದೆ. ಆ ದಾಖಲೆ ಯಾರ ಕೈಯಲ್ಲಿ ಇರುತ್ತದೆ? ನಾವು ಇಲ್ಲಿ ಹೇಳಹೊರಟಿರುವುದು ಆ ಪ್ರಶ್ನೆಯ ಬಗ್ಗೆ.

ಇದು ದೊಡ್ಡ ಬಿಲ್ಡರುಗಳ ವಿಷಯ, ನಮಗೆ ಎಂತಕ್ಕೆ ಎಂದು ಪುಟ ಮಗುಚುವವರು ಸ್ವಲ್ಪ ನಿಲ್ಲಬೇಕು. ಕರಾವಳಿಯ ಕಟ್ಟಡ ಕೆಲಸದಲ್ಲಿ ಬ್ಯಾರಿಗಳು ಎಲ್ಲ ಮೆಟ್ಟಿಲಲ್ಲೂ ಇದ್ದಾರೆ. ಕಾಂಟ್ರಾಕ್ಟರ್ ನಮ್ಮವರು, ಸೆಂಟ್ರಿಂಗ್ ಮೇಸ್ತ್ರಿ ನಮ್ಮವರು, ಟೈಲ್ಸ್, ಪ್ಲಂಬಿಂಗ್, ವಯರಿಂಗ್ ಕೆಲಸದ ಹುಡುಗರು ನಮ್ಮವರು, ಕೆಂಪು ಕಲ್ಲು ತರುವ ಲಾರಿಯವರು ನಮ್ಮವರು. ಗಲ್ಫಿನ ದುಡಿಮೆಯಲ್ಲಿ ಮನೆ ಕಟ್ಟಿಸುವವರೂ ನಮ್ಮವರೇ. ನಮ್ಮ ಜಮಾಅತ್ ಕಮಿಟಿಗಳು ಮಸೀದಿ, ಮದ್ರಸ, ಹಾಲ್ ಎಂದು ಆಗಾಗ ಕೆಲಸ ಮಾಡಿಸುತ್ತವೆ. ಆ ಸೈಟುಗಳಲ್ಲಿ ಕಲ್ಲು ಹೊರುವವರು ಕೊಪ್ಪಳ, ಬಾಗಲಕೋಟೆ, ರಾಯಚೂರಿನ ಕಡೆಯಿಂದ ಬಂದವರು. ಬಿಹಾರ, ಒಡಿಶಾ, ಬಂಗಾಳ, ಜಾರ್ಖಂಡಿನಿಂದ ರೈಲು ಹತ್ತಿ ಬಂದವರು. ಹೀಗಿರುವಾಗ ಕೂಲಿ ಕೊಡುವವರ ಸಾಲಿನಲ್ಲೂ ನಾವಿದ್ದೇವೆ, ಕೂಲಿ ತೆಗೆದುಕೊಳ್ಳುವವರ ಸಾಲಿನಲ್ಲೂ ನಾವಿದ್ದೇವೆ. ಕೂಲಿಯ ಲೆಕ್ಕ ಸರಿ ಇರಬೇಕಾದ್ದು ಎರಡೂ ಕಡೆಯಿಂದ ನಮ್ಮ ಮೇಲಿರುವ ಹೊಣೆ.

ಹಳೆಯ ಪುಸ್ತಕದ ತಕರಾರು

ಹಳೆಯ ಹಾಜರಿ ಪುಸ್ತಕ ಒಳ್ಳೆಯದಿತ್ತು, ಹೊಸ ಯಂತ್ರ ಕೆಟ್ಟದ್ದು ಎಂದು ನಾವು ಹೇಳುವುದಿಲ್ಲ. ಹಳೆಯ ಪುಸ್ತಕದ ಕತೆ ಎಲ್ಲರಿಗೂ ಗೊತ್ತು. ಪುಸ್ತಕ ಒಂದೇ, ಅದು ಮೇಸ್ತ್ರಿಯ ಕೈಯಲ್ಲಿ. ಅವನು ಗೀಟು ಹಾಕಿದರೆ ಹಾಜರಿ, ಹಾಕದಿದ್ದರೆ ಗೈರು. ಶನಿವಾರ ಬಟವಾಡೆಯ ಹೊತ್ತಿಗೆ "ನೀನು ಬುಧವಾರ ಮಧ್ಯಾಹ್ನದ ಮೇಲೆ ಇರಲಿಲ್ಲ" ಎಂದರೆ ಕೆಲಸಗಾರನ ಹತ್ತಿರ ಉತ್ತರ ಇಲ್ಲ. ಸ್ಲ್ಯಾಬ್ ಹಾಕಿದ ದಿನ ರಾತ್ರಿ ಹತ್ತರ ತನಕ ದುಡಿದದ್ದು ಪುಸ್ತಕದಲ್ಲಿ ಒಂದೇ ಹಾಜರಿ. ಮುಂಗಡ ಕೊಟ್ಟದ್ದು ಎಷ್ಟು, ಕಳೆದದ್ದು ಎಷ್ಟು ಎಂಬುದು ಬರೆದವನಿಗೇ ಗೊತ್ತು. ಮೇಸ್ತ್ರಿ ಕೆಲಸ ಬಿಟ್ಟುಹೋದರೆ ಪುಸ್ತಕವೂ ಅವನ ಜೊತೆ ಹೋಗುತ್ತದೆ. ಮಾಲಕನ ಹತ್ತಿರ ಕೇಳಿದರೆ, "ನಾನು ಮೇಸ್ತ್ರಿಗೆ ಕೊಟ್ಟಿದ್ದೇನೆ, ಅವನ ಹತ್ತಿರ ಕೇಳು" ಎನ್ನುತ್ತಾನೆ. ಮೂರು ತಿಂಗಳ ಬಾಕಿ ಬಿಟ್ಟು ಊರಿಗೆ ಹೋದ ಎಷ್ಟೋ ಮಂದಿ ಇದ್ದಾರೆ.

ಮೋಸ ಎಲ್ಲ ಒಂದೇ ಕಡೆಯಿಂದ ಅಲ್ಲ ಎಂಬುದನ್ನೂ ಹೇಳಬೇಕು. ಕಾರ್ಡ್ ಒತ್ತುವ ಯಂತ್ರ ಇದ್ದಲ್ಲಿ ಗೆಳೆಯನ ಕಾರ್ಡ್ ತಾನೇ ಒತ್ತುವುದು, ಬೆಳಿಗ್ಗೆ ಹೆಸರು ಹೇಳಿ ಹತ್ತು ಗಂಟೆಗೆ ಬೇರೆ ಕೆಲಸಕ್ಕೆ ಹೋಗುವುದು, ಬಾರದ ಜನರ ಹೆಸರು ಬರೆಸಿ ಮೇಸ್ತ್ರಿ ಹಣ ತೆಗೆಯುವುದು, ಇವೆಲ್ಲ ನಡೆಯುತ್ತವೆ. ಅಳತೆಯಲ್ಲಿ ಕಡಿಮೆ ಮಾಡುವವರ ಬಗ್ಗೆ ಕುರ್‌ಆನಿನಲ್ಲಿ ಒಂದು ಪೂರ್ತಿ ಅಧ್ಯಾಯವೇ ಉಂಟು, ಸೂರಃ ಅಲ್-ಮುತಫ್ಫಿಫೀನ್. ತಕ್ಕಡಿಯಲ್ಲಿ ಅಕ್ಕಿ ತೂಗುವವನಿಗೆ ಮಾತ್ರ ಅದು ಎಂದು ತಿಳಿದರೆ ತಪ್ಪು. ಗಂಟೆ ಅಳೆಯುವವನೂ ದುಡಿಮೆ ಅಳೆಯುವವನೂ ಆ ಎಚ್ಚರಿಕೆಯ ಒಳಗೇ ಬರುತ್ತಾರೆ.

ನಮ್ಮ ತಾಯಂದಿರ ಬೀಡಿ ಪುಸ್ತಕ

ದಾಖಲೆ ಎಂದರೆ ಏನು ಎಂದು ಅರ್ಥವಾಗಲು ನಾವು ದೂರ ಹೋಗಬೇಕಾಗಿಲ್ಲ. ನಮ್ಮ ಮನೆಗಳ ಅಟ್ಟದಲ್ಲಿ, ಹಳೆಯ ಪೆಟ್ಟಿಗೆಯಲ್ಲಿ ಹುಡುಕಿದರೆ ಸಿಗುತ್ತದೆ. ನಮ್ಮ ತಾಯಂದಿರು, ಅಜ್ಜಿಯಂದಿರು ಬೀಡಿ ಕಟ್ಟಿ ಮನೆ ನಡೆಸಿದವರು. ಅವರ ಹತ್ತಿರ ಒಂದು ಪುಸ್ತಕ ಇರುತ್ತಿತ್ತು. ಎಲೆ ಎಷ್ಟು ಕೊಟ್ಟದ್ದು, ಹೊಗೆಸೊಪ್ಪು ಎಷ್ಟು ಕೊಟ್ಟದ್ದು, ಬೀಡಿ ಎಷ್ಟು ಬಂದದ್ದು ಎಲ್ಲವೂ ಅದರಲ್ಲಿ. ಬೀಡಿ ಬ್ರಾಂಚಿಗೆ ಹೋಗುವಾಗ ಬುಟ್ಟಿಯ ಜೊತೆ ಪುಸ್ತಕವೂ ಹೋಗುತ್ತಿತ್ತು, ಬರುವಾಗ ಮನೆಗೆ ಬರುತ್ತಿತ್ತು. ಓದು ಬಾರದ ಹೆಂಗಸರೂ ಆ ಪುಸ್ತಕವನ್ನು ಮಡಚದೆ ಕಾಪಾಡಿದರು.

ಮುಂದೆ ಏನಾಯಿತು? ಯಾರ ಹೆಸರು ಕಂಪೆನಿಯ ಪಟ್ಟಿಯಲ್ಲಿ ಇತ್ತೋ ಅವರಿಗೆ ಪಿಎಫ್ ಬಂತು, ಪಿಂಚಣಿ ಬಂತು. ಮಗಳ ಮದುವೆಗೆ, ಮನೆಯ ಮಾಡಿಗೆ ಆ ಹಣ ಆಯಿತು. ಯಾರು ಇನ್ನೊಬ್ಬರ ಹೆಸರಿನ ಪುಸ್ತಕದಲ್ಲಿ ಬೀಡಿ ಕಟ್ಟಿಕೊಟ್ಟರೋ ಅವರಿಗೆ ಏನೂ ಇಲ್ಲ. ಬೆರಳು ಅಷ್ಟೇ ಸವೆದಿದೆ, ಬೆನ್ನು ಅಷ್ಟೇ ಬಾಗಿದೆ, ಕಾಗದದಲ್ಲಿ ಮಾತ್ರ ಅವರು ದುಡಿದೇ ಇಲ್ಲ. ಈ ಎರಡು ಬಗೆಯ ಅಜ್ಜಿಯಂದಿರೂ ನಮ್ಮ ಒಂದೊಂದು ಮೊಹಲ್ಲಾದಲ್ಲಿ ಇದ್ದಾರೆ.

ಬೀಡಿ ಪುಸ್ತಕದಿಂದ ಕಲಿಯಬೇಕಾದ ಪಾಠ ಎರಡು. ಒಂದು, ಬರೆದದ್ದು ಉಳಿಯುತ್ತದೆ. ಇನ್ನೊಂದು ಅದಕ್ಕಿಂತ ದೊಡ್ಡದು: ಪುಸ್ತಕ ದುಡಿದವಳ ಮನೆಯಲ್ಲಿತ್ತು. ಲೆಕ್ಕ ತಪ್ಪಿದರೆ ಅವತ್ತೇ ತೋರಿಸಿ ಕೇಳಬಹುದಿತ್ತು. ಈಗ ಬಂದಿರುವ ಹೆಚ್ಚಿನ ಹಾಜರಿ ಆ್ಯಪುಗಳಲ್ಲಿ ಇರುವ ಕೊರತೆ ಇದೇ. ಬೆಳಿಗ್ಗೆ ಮುಖ ಕೊಡುವುದು ಕೆಲಸಗಾರ, ಸಂಜೆ ಲೆಕ್ಕ ನೋಡುವುದು ಆಫೀಸು. ಪುಸ್ತಕ ಮೇಸ್ತ್ರಿಯ ಜೇಬಿನಿಂದ ಕಂಪೆನಿಯ ಕಂಪ್ಯೂಟರಿಗೆ ಹೋಯಿತು, ದುಡಿದವನ ಕೈಗೆ ಇನ್ನೂ ಬರಲಿಲ್ಲ.

ಬರೆದಿಡುವುದು ಸಂಶಯ ಅಲ್ಲ

ನಮ್ಮಲ್ಲಿ ಒಂದು ಅಭ್ಯಾಸ ಉಂಟು. ಲೆಕ್ಕ ಬರೆಯೋಣ ಎಂದರೆ, "ನನ್ನ ಮೇಲೆ ನಂಬಿಕೆ ಇಲ್ವಾ?" ಎಂದು ಕೇಳುತ್ತಾರೆ. ಕೇಳಿದವನಿಗೆ ನಾಚಿಕೆಯಾಗಿ ಬಾಯಿ ಮುಚ್ಚುತ್ತಾನೆ. ಆದರೆ ಕುರ್‌ಆನಿನ ಅತ್ಯಂತ ಉದ್ದದ ಆಯತ್ ಯಾವುದರ ಬಗ್ಗೆ ಎಂದು ನಮ್ಮ ಮದ್ರಸದ ದೊಡ್ಡ ಮಕ್ಕಳನ್ನು ಕೇಳಿದರೆ ಹೇಳುತ್ತಾರೆ. ಅದು ಸೂರಃ ಅಲ್-ಬಖರಃದ 282ನೇ ಆಯತ್. ಸಾಲದ ವ್ಯವಹಾರವನ್ನು ಬರೆದಿಡಬೇಕು ಎಂಬುದೇ ಅದರ ವಿಷಯ. ಮೊತ್ತ ಸಣ್ಣದು ಎಂದು ಬರೆಯಲು ಉದಾಸೀನ ಮಾಡಬಾರದು, ಬರೆಯುವವನು ನ್ಯಾಯವಾಗಿ ಬರೆಯಬೇಕು, ಹೊಣೆ ಯಾರ ಮೇಲಿದೆಯೋ ಅವನೇ ಹೇಳಿ ಬರೆಸಬೇಕು, ಸಾಕ್ಷಿಗಳಿರಬೇಕು, ಬರೆದವನಿಗಾಗಲಿ ಸಾಕ್ಷಿಗಾಗಲಿ ಉಪದ್ರ ಆಗಬಾರದು ಎಂದೆಲ್ಲ ಅದರಲ್ಲಿ ವಿವರ ಉಂಟು. ಕೊಡಬೇಕಾದ ಕೂಲಿ ಒಂದು ಸಾಲವೇ ಅಲ್ಲವೇ? ಬೆವರು ಆರುವ ಮೊದಲು ಕೂಲಿ ಕೊಡಬೇಕು ಎಂಬ ಪ್ರವಾದಿವಚನವನ್ನು ವಅಳಿನಲ್ಲಿ ಕೇಳದವರು ನಮ್ಮಲ್ಲಿ ಯಾರೂ ಇಲ್ಲ. ಆ ಬೆವರು ಯಾವ ದಿನದ್ದು, ಎಷ್ಟು ಗಂಟೆಯದ್ದು ಎಂದು ಲೆಕ್ಕವೇ ಇಲ್ಲದಿದ್ದರೆ ಕೊಡುವುದು ಹೇಗೆ?

ಆದ್ದರಿಂದ ಹಾಜರಿ ದಾಖಲೆ ಗಟ್ಟಿಯಾಗಬೇಕು ಎಂಬುದಕ್ಕೆ ನಮ್ಮ ಪೂರ್ತಿ ಬೆಂಬಲ ಉಂಟು. ಅದು ಯಂತ್ರದಲ್ಲಿ ಆದರೂ ಸರಿ. ಅದರಿಂದ ಆಗುವ ಉಪಕಾರ ಸಣ್ಣದಲ್ಲ. ಮೂರನ್ನು ಹೇಳುತ್ತೇವೆ.

ಮೊದಲನೆಯದು, ಒಳಗೆ ಎಷ್ಟು ಜನ ಇದ್ದಾರೆ ಎಂಬ ಲೆಕ್ಕ. 2019ರ ಮಾರ್ಚ್ 19ರಂದು ಧಾರವಾಡದಲ್ಲಿ ಕಟ್ಟುತ್ತಿದ್ದ ಬಹುಮಹಡಿ ಕಟ್ಟಡ ಕುಸಿದು 19 ಮಂದಿ ಸತ್ತರು. 2024ರ ಅಕ್ಟೋಬರಿನಲ್ಲಿ ಬೆಂಗಳೂರಿನ ಬಾಬುಸಾಪಾಳ್ಯದಲ್ಲಿ ಕಟ್ಟುತ್ತಿದ್ದ ಕಟ್ಟಡ ಬಿದ್ದು ಒಂಬತ್ತು ಕಾರ್ಮಿಕರು ತೀರಿಹೋದರು. ಅದೇ ವರ್ಷದ ಜುಲೈಯಲ್ಲಿ ನಮ್ಮ ಮಂಗಳೂರಿನ ಬಲ್ಮಠದಲ್ಲೇ ಕಟ್ಟಡದ ಕೆಲಸ ನಡೆಯುವಾಗ ಮಣ್ಣು ಕುಸಿದು ಇಬ್ಬರು ಸಿಲುಕಿದರು. ಒಬ್ಬರನ್ನು ಜೀವಂತ ತೆಗೆದರು, ಇನ್ನೊಬ್ಬರು ಉಳಿಯಲಿಲ್ಲ. ಇಂಥ ಹೊತ್ತಿನಲ್ಲಿ ಅಗ್ನಿಶಾಮಕದವರು ಮೊದಲು ಕೇಳುವುದು, "ಒಳಗೆ ಎಷ್ಟು ಜನ?" ಎಂದು. ಅದಕ್ಕೆ ಸರಿಯಾದ ಉತ್ತರ ಇದ್ದರೆ ಎಲ್ಲಿ ಅಗೆಯಬೇಕು, ಎಷ್ಟು ಹೊತ್ತು ಹುಡುಕಬೇಕು ಎಂಬುದು ತೀರ್ಮಾನವಾಗುತ್ತದೆ. ಬಂದವರ, ಹೋದವರ ಲೆಕ್ಕ ಗೇಟಿನಲ್ಲೇ ಇದ್ದರೆ ಅದು ಜೀವ ಉಳಿಸುವ ಕಾಗದ. ಮಳೆಗಾಲದಲ್ಲಿ ಗುಡ್ಡ ಕಡಿದು ಕಟ್ಟುವ ನಮ್ಮ ಊರಿಗೆ ಇದು ಇನ್ನೂ ಹೆಚ್ಚು ಬೇಕಾದ್ದು.

ಎರಡನೆಯದು, ಪರಿಹಾರ. ಕೆಲಸದಲ್ಲಿ ಪೆಟ್ಟಾದರೆ, ಜೀವ ಹೋದರೆ ಮಾಲಕ ಪರಿಹಾರ ಕೊಡಬೇಕು ಎಂಬ ಕಾನೂನು ನಮ್ಮ ದೇಶದಲ್ಲಿ 1923ರಿಂದಲೇ ಉಂಟು. ಆದರೆ ಕೇಸು ನಿಲ್ಲಬೇಕಾದರೆ ಅವನು ಆ ದಿನ ಆ ಸೈಟಿನಲ್ಲಿ ಕೆಲಸಕ್ಕಿದ್ದ ಎಂದು ತೋರಿಸಬೇಕು. ಆಸ್ಪತ್ರೆಯ ಬಾಗಿಲಿನಲ್ಲಿ, "ಅವನು ನಮ್ಮ ಕೆಲಸದವನೇ ಅಲ್ಲ, ಗೆಳೆಯನನ್ನು ನೋಡಲು ಬಂದಿದ್ದ" ಎಂಬ ಮಾತು ಬಂದರೆ, ಮೂರು ದಿನ ರೈಲಿನಲ್ಲಿ ಕೂತು ಬಂದ ಅವನ ತಂದೆ ಏನು ಸಾಕ್ಷಿ ತಂದಾನು? ಬೆಳಿಗ್ಗೆ ಎಂಟೂವರೆಗೆ ಗೇಟಿನಲ್ಲಿ ದಾಖಲಾದ ಹಾಜರಿ ಆ ತಂದೆಯ ಪರವಾಗಿ ಮಾತಾಡುತ್ತದೆ.

ಮೂರನೆಯದು, 90 ದಿನಗಳ ಲೆಕ್ಕ. ಇದನ್ನು ಸ್ವಲ್ಪ ವಿವರವಾಗಿ ಹೇಳಬೇಕು, ಯಾಕೆಂದರೆ ನಮ್ಮವರಲ್ಲಿ ಬಹಳ ಮಂದಿಗೆ ಇದು ತಿಳಿದಿಲ್ಲ.

ನಾವು ಕಟ್ಟಿದ ಸೆಸ್ ಯಾರಿಗೆ?

ಕಟ್ಟಡ ಕಾರ್ಮಿಕರಿಗಾಗಿ 1996ರಲ್ಲಿ ಕೇಂದ್ರದ ಕಾನೂನು ಬಂತು. ಕಟ್ಟಡದ ವೆಚ್ಚದಲ್ಲಿ ಶೇಕಡಾ ಒಂದನ್ನು ಕಟ್ಟಿಸುವವರಿಂದ ಸೆಸ್ ಎಂದು ತೆಗೆದು, ಅದನ್ನು ಕಾರ್ಮಿಕರ ಕಲ್ಯಾಣಕ್ಕೆ ಬಳಸಬೇಕು. ಸಣ್ಣ ಸ್ವಂತ ಮನೆಗಳಿಗೆ ಮಾತ್ರ ವಿನಾಯಿತಿ. ನಮ್ಮ ರಾಜ್ಯದಲ್ಲಿ 2007ರಲ್ಲಿ ಕಲ್ಯಾಣ ಮಂಡಳಿ ಆಯಿತು. ನೋಂದಣಿ ಮಾಡಿಸಿದ ಕಾರ್ಮಿಕನಿಗೆ ಮಕ್ಕಳ ಓದಿಗೆ ಸಹಾಯ, ಹೆರಿಗೆಗೆ, ಮದುವೆಗೆ, ಆಸ್ಪತ್ರೆ ಖರ್ಚಿಗೆ, ಅಪಘಾತಕ್ಕೆ ನೆರವು, 60 ದಾಟಿದ ಮೇಲೆ ಪಿಂಚಣಿ ಎಲ್ಲ ಉಂಟು. ಪ್ರಾಯ 18ರಿಂದ 60ರ ಒಳಗೆ ಇರಬೇಕು, ಹಿಂದಿನ 12 ತಿಂಗಳಲ್ಲಿ ಕನಿಷ್ಠ 90 ದಿನ ಕಟ್ಟಡ ಕೆಲಸ ಮಾಡಿರಬೇಕು. ಈಗ ಬಂದಿರುವ ಹೊಸ ಕಾರ್ಮಿಕ ಸಂಹಿತೆಯಲ್ಲೂ ಈ 90 ದಿನದ ಲೆಕ್ಕ ಹಾಗೆಯೇ ಇದೆ.

ಅಡಚಣೆ ಎಲ್ಲಿ ಎಂದರೆ ಈ 90 ದಿನಕ್ಕೆ ಪುರಾವೆ ಕೊಡುವುದರಲ್ಲಿ. ಕೆಲಸಗಾರ ಒಂದು ವರ್ಷದಲ್ಲಿ ನಾಲ್ಕು ಮೇಸ್ತ್ರಿಗಳ ಕೈಕೆಳಗೆ, ಆರು ಸೈಟುಗಳಲ್ಲಿ ದುಡಿದಿರುತ್ತಾನೆ. ಸಹಿ ಹಾಕಿಕೊಡಿ ಎಂದರೆ ಯಾರೂ ಹಾಕುವುದಿಲ್ಲ, ತಮ್ಮ ಮೇಲೆ ಏನಾದರೂ ಬಂದೀತು ಎಂಬ ಹೆದರಿಕೆ. ಇನ್ನೊಂದು ಕಡೆ, ಒಂದು ದಿನವೂ ಕರಣೆ ಹಿಡಿಯದವರು ದುಡ್ಡು ಕೊಟ್ಟು ಸಹಿ ಮಾಡಿಸಿ ಕಾರ್ಡ್ ಪಡೆದ ಉದಾಹರಣೆಗಳು ಉಂಟು. ನಿಜವಾಗಿ ದುಡಿದವನು ಹೊರಗೆ, ದುಡಿಯದವನು ಒಳಗೆ. 2020ರ ಲಾಕ್‌ಡೌನ್ ಸಮಯದಲ್ಲಿ ರಾಜ್ಯ ಸರಕಾರ ನೋಂದಾಯಿತ ಕಟ್ಟಡ ಕಾರ್ಮಿಕರಿಗೆ ಮೊದಲು 2,000, ಮತ್ತೆ 3,000 ರೂಪಾಯಿ ಕೊಟ್ಟಿತು. ಪಟ್ಟಿಯಲ್ಲಿ ಹೆಸರಿಲ್ಲದವರು ಕಿಟ್‌ಗಾಗಿ ಸಾಲು ನಿಂತರು. ನಮ್ಮ ಜಮಾಅತ್‌ಗಳು ಆಗ ಬಹಳ ಕಿಟ್ ಹಂಚಿದವು, ಅಲ್ಲಾಹು ಸ್ವೀಕರಿಸಲಿ. ಆದರೆ ಹಕ್ಕಾಗಿ ಸಿಗಬೇಕಾದ್ದು ದಾನವಾಗಿ ಸಿಕ್ಕಿದರೆ ತೆಗೆದುಕೊಳ್ಳುವವನ ತಲೆ ತಗ್ಗುತ್ತದೆ.

ಈಗ ಯೋಚಿಸಿ. ಗಲ್ಫಿನಲ್ಲಿ ದುಡಿದು ದೊಡ್ಡ ಮನೆ ಕಟ್ಟಿಸಿದವರು ಪ್ಲಾನ್ ಪಾಸ್ ಮಾಡಿಸುವಾಗ ಸೆಸ್ ಕಟ್ಟಿರುತ್ತಾರೆ. ಹಾಲ್ ಕಟ್ಟಿದ ಕಮಿಟಿಯೂ ಕಟ್ಟಿರುತ್ತದೆ. ಆ ಹಣ ಮಂಡಳಿಗೆ ಹೋಯಿತು. ಆದರೆ ಆ ಮನೆಯ ಕಲ್ಲು ಹೊತ್ತವನ ಹೆಸರು ಆ ಪಟ್ಟಿಯಲ್ಲಿ ಇಲ್ಲ. ಅವನು ಅಲ್ಲಿ 90 ದಿನ ದುಡಿದ ಎಂಬ ಒಂದು ಹಾಳೆಯನ್ನು ನಾವು ಅವನಿಗೆ ಕೊಡಲಿಲ್ಲ. ದಿನದ ಹಾಜರಿ ಫೋನಿನಲ್ಲಿ ದಾಖಲಾಗಿದ್ದರೆ ಆ ಹಾಳೆ ಐದು ನಿಮಿಷದ ಕೆಲಸ.

ಯಂತ್ರ ಬಂದರೆ ನ್ಯಾಯ ಬಂದಂತಲ್ಲ

ಇಷ್ಟು ಉಪಕಾರ ಇರುವಾಗ ತಕರಾರು ಎಂತ ಎಂದು ಕೇಳಬಹುದು. ಉದ್ಯೋಗ ಖಾತರಿಯ ಕೆಲಸದಲ್ಲಿ ಏನಾಯಿತು ಎಂದು ನೋಡಿದರೆ ಸಾಕು. ಅಲ್ಲಿ ಎನ್‌ಎಂಎಂಎಸ್ ಎಂಬ ಆ್ಯಪನ್ನು 2021ರಲ್ಲಿ ತಂದು, 2023ರ ಜನವರಿ 1ರಿಂದ ಕಡ್ಡಾಯ ಮಾಡಿದರು. ಬೆಳಿಗ್ಗೆ ಒಮ್ಮೆ, ಮಧ್ಯಾಹ್ನದ ಮೇಲೆ ಒಮ್ಮೆ ಕಾಯಕ ಬಂಧು ಕೆಲಸದ ಜಾಗದಲ್ಲೇ ಎಲ್ಲರ ಫೋಟೋ ತೆಗೆದು ಹಾಕಬೇಕು. ಉದ್ದೇಶ ಒಳ್ಳೆಯದೇ. ಆದರೆ ನೆಟ್‌ವರ್ಕ್ ಇಲ್ಲದ ಕಡೆ ಫೋಟೋ ಹೋಗಲಿಲ್ಲ, ಮಣ್ಣು ಅಗೆದವರ ಕೂಲಿ ಹೋಯಿತು. ಕೆಲಸ ಬೇಗ ಮುಗಿಸಿದ ಹೆಂಗಸರು ಎರಡನೇ ಫೋಟೋಕ್ಕಾಗಿ ಬಿಸಿಲಿನಲ್ಲಿ ಕಾದರು. ಮೋಸ ಮಾಡುವವರಿಗೆ ಅಡ್ಡಿಯಾಯಿತೇ? ಅದೂ ಇಲ್ಲ. ಸಂಬಂಧ ಇಲ್ಲದ ಫೋಟೋ, ಫೋಟೋದ್ದೇ ಫೋಟೋ ತೆಗೆದು ಹಾಕುತ್ತಿದ್ದಾರೆ ಎಂದು 2025ರಲ್ಲಿ ಕೇಂದ್ರದ ಗ್ರಾಮೀಣಾಭಿವೃದ್ಧಿ ಸಚಿವಾಲಯವೇ ರಾಜ್ಯಗಳಿಗೆ ಬರೆಯಬೇಕಾಯಿತು. ಪ್ರಾಮಾಣಿಕನಿಗೆ ತೊಂದರೆ, ಕಳ್ಳನಿಗೆ ದಾರಿ, ಹೀಗೂ ಆಗುತ್ತದೆ.

ಕಟ್ಟಡದ ಸೈಟಿನಲ್ಲೂ ಇದೇ ಪಾಡು. ಬೇಸ್‌ಮೆಂಟಿನಲ್ಲಿ ಸಿಗ್ನಲ್ ಸಿಗುವುದಿಲ್ಲ. ಸಿಮೆಂಟು ಹಿಡಿದು ಹಿಡಿದು ಬೆರಳ ಗೆರೆ ಸವೆದಿರುತ್ತದೆ, ಯಂತ್ರಕ್ಕೆ ಹೆಬ್ಬೆಟ್ಟು ಗುರುತು ಸಿಗುವುದಿಲ್ಲ. ರೇಷನ್ ಅಂಗಡಿಯಲ್ಲಿ ನಮ್ಮ ಹಿರಿಯರಿಗೆ ಆಗುವ ತೊಂದರೆಯೇ ಇದು. ಮುಖದಲ್ಲಿ ಧೂಳು, ತಲೆಯಲ್ಲಿ ಹೆಲ್ಮೆಟ್, ಮಳೆಯ ಮಂಕು ಬೆಳಕು ಇದ್ದರೆ ಕೆಮರಾ ತಡವರಿಸುತ್ತದೆ. ಫೋನೇ ಇಲ್ಲದವನು, ರೀಚಾರ್ಜ್ ಮುಗಿದವನು ಏನು ಮಾಡಬೇಕು? ಯಂತ್ರ ಹಿಡಿಯದಿದ್ದರೆ ಆ ದಿನ ಗೈರು ಎಂದಾದರೆ, ತಪ್ಪು ಯಂತ್ರದ್ದು, ದಂಡ ಕೆಲಸಗಾರನದ್ದು. ಇದು ಯಾವ ನ್ಯಾಯ?

ಹತ್ತು ನಿಮಿಷ ತಡಕ್ಕೆ ಅರ್ಧ ದಿನದ ಕೂಲಿ ಕಡಿಯುವ ಸೆಟ್ಟಿಂಗ್ ಇಟ್ಟವರು ಉಂಟು. ಅದೇ ಯಂತ್ರ ಸಂಜೆ ಎರಡು ಗಂಟೆ ಹೆಚ್ಚು ದುಡಿದದ್ದನ್ನೂ ದಾಖಲಿಸುತ್ತದಲ್ಲ, ಅದಕ್ಕೆ ಹಣ ಕೊಡುವ ಸೆಟ್ಟಿಂಗ್ ಎಲ್ಲಿ ಹೋಯಿತು? ಹೆಚ್ಚುವರಿ ಗಂಟೆಗೆ ಎರಡು ಪಟ್ಟು ಕೂಲಿ ಎಂಬುದು ಕಾನೂನಿನಲ್ಲೇ ಇದೆ. ಗಡಿಯಾರ ಬಂದ ಹೊತ್ತಿಗೆ ಮಾತ್ರ ಓಡಿ, ಹೋಗುವ ಹೊತ್ತಿಗೆ ನಿಲ್ಲಬಾರದು. ತಗೊಳ್ಳುವಾಗ ಪೂರ್ತಿ ಅಳೆದು, ಕೊಡುವಾಗ ಕಡಿಮೆ ಅಳೆಯುವವರು ಎಂದು ನಾವು ಮೇಲೆ ಹೇಳಿದ ಅಧ್ಯಾಯ ಎಚ್ಚರಿಸುವುದು ಇಂಥವರನ್ನೇ.

ಶುಕ್ರವಾರದ ವಿಷಯವನ್ನೂ ಹೇಳಬೇಕು. ಜುಮುಅಃಗೆ ಹೋಗಿ ಬರಲು ಒಂದು ಗಂಟೆ ಬೇಕು. ಹಳೆಯ ಮೇಸ್ತ್ರಿಗೆ ಅದು ಗೊತ್ತಿತ್ತು. ನಮ್ಮ ಹುಡುಗರು ಊಟದ ವಿರಾಮದ ಜೊತೆ ಸೇರಿಸಿ ಹೋಗಿ ಬಂದು, ಸಂಜೆ ಆ ಹೊತ್ತನ್ನು ತುಂಬಿಸಿ ಕೊಡುತ್ತಿದ್ದರು. ಯಂತ್ರಕ್ಕೆ ಇದು ಅರ್ಥವಾಗುವುದಿಲ್ಲ, ಸೈಟಿನ ಗಡಿ ದಾಟಿದರೆ ಹೊರಗೆ ಹೋದ ಎಂದು ಬರೆಯುತ್ತದೆ. ಭಾನುವಾರ ಬೆಳಿಗ್ಗೆ ಚರ್ಚಿಗೆ ಹೋಗಿ ಬರುವವನಿಗೂ ಇದೇ ಕತೆ. ಮಗುವಿಗೆ ಜ್ವರ ಎಂದು ಅರ್ಧ ಗಂಟೆ ತಡವಾಗಿ ಬಂದವಳಿಗೆ ಪೂರ್ತಿ ಹಾಜರಿ ಹಾಕುತ್ತಿದ್ದ ಮೇಸ್ತ್ರಿಗಳನ್ನು ನಾವು ನೋಡಿದ್ದೇವೆ. ಆ ಕರುಣೆ ಯಂತ್ರದಲ್ಲಿ ಇಲ್ಲ. ಆದ್ದರಿಂದ ಯಂತ್ರ ಬರೆದದ್ದೇ ಕೊನೆಯ ಮಾತು ಆಗಬಾರದು. ಅದನ್ನು ತಿದ್ದುವ ಅಧಿಕಾರ ಒಬ್ಬ ಮನುಷ್ಯನಿಗೆ ಇರಬೇಕು, ತಿದ್ದಿದ್ದು ಯಾಕೆ ಎಂದೂ ಬರೆದಿರಬೇಕು.

ಇನ್ನೊಂದು, ಮುಖ ಮತ್ತು ಜಾಗದ ಮಾಹಿತಿ. ಕೆಲಸ ಮುಗಿದ ಮೇಲೂ ಫೋನಿನ ಆ್ಯಪ್ ಅವನು ಎಲ್ಲಿದ್ದಾನೆ ಎಂದು ನೋಡುತ್ತಿದ್ದರೆ ಅದು ಹಾಜರಿ ಅಲ್ಲ, ಬೇಹುಗಾರಿಕೆ. ಹೆಣ್ಣುಮಕ್ಕಳ ಫೋಟೋ ಯಾರ ಯಾರ ಫೋನಿನಲ್ಲಿ ಉಳಿಯುತ್ತದೆ ಎಂಬುದು ಗಂಭೀರ ವಿಷಯ. ವೈಯಕ್ತಿಕ ಮಾಹಿತಿಯ ರಕ್ಷಣೆಗೆ 2023ರಲ್ಲಿ ಕಾಯ್ದೆಯಾಗಿದೆ. ಒಪ್ಪಿಗೆ ಕೇಳುವಾಗ ಸಂವಿಧಾನದ ಎಂಟನೇ ಅನುಸೂಚಿಯ ಭಾಷೆಗಳಲ್ಲಿ ಓದಿಕೊಳ್ಳುವ ಅವಕಾಶ ಕೊಡಬೇಕು ಎಂದು ಅದು ಹೇಳುತ್ತದೆ. ಬ್ಯಾರಿ, ತುಳು ಆ ಪಟ್ಟಿಯಲ್ಲಿಲ್ಲ. ಕನ್ನಡ, ಹಿಂದಿ, ಬಂಗಾಳಿ, ಒಡಿಯಾ ಇವೆ. ಇಂಗ್ಲಿಷ್ ಪರದೆಯಲ್ಲಿ "ಓಕೆ" ಒತ್ತಿಸಿಕೊಂಡರೆ ಒಪ್ಪಿಗೆ ಆಯಿತು ಎಂದು ತಿಳಿಯುವುದು ಸರಿಯಲ್ಲ.

ಗಲ್ಫ್ ಕಲಿಸಿದ ಪಾಠ

ಈ ವಿಷಯದಲ್ಲಿ ನಮ್ಮವರಿಗೆ ಯಾರೂ ಪಾಠ ಹೇಳಬೇಕಾಗಿಲ್ಲ. ದಮ್ಮಾಮ್, ಜುಬೈಲ್, ದುಬೈಯ ಸೈಟುಗಳಲ್ಲಿ ನಮ್ಮವರು ಪಂಚಿಂಗ್ ಮಾಡಿದ್ದಾರೆ, ಟೈಮ್ ಕೀಪರ್ ಆಗಿ ನೂರಾರು ಜನರ ಟೈಮ್ ಶೀಟ್ ಬರೆದಿದ್ದಾರೆ. ಅವರನ್ನು ಕೇಳಿದರೆ ಒಂದು ಮಾತು ಹೇಳುತ್ತಾರೆ: ಹಾಜರಿ ಸರಿ ಇದ್ದರೂ ಸಂಬಳ ಬಾರದ ತಿಂಗಳು ಇತ್ತು. ಕಂಪ್ಯೂಟರಿನಲ್ಲಿ 26 ದಿನ ಇದೆ, ಕೈಯಲ್ಲಿ ಏನೂ ಇಲ್ಲ.

ಅದಕ್ಕೇ ಯುಎಇ 2009ರಲ್ಲಿ, ಸೌದಿ 2013ರಲ್ಲಿ, ಕತಾರ್ 2015ರಲ್ಲಿ ವೇತನ ರಕ್ಷಣೆಯ ವ್ಯವಸ್ಥೆ ತಂದವು. ಸಂಬಳ ಬ್ಯಾಂಕಿನ ಮೂಲಕವೇ ಹೋಗಬೇಕು, ಹೋಯಿತೋ ಇಲ್ಲವೋ ಎಂದು ಸರಕಾರ ನೋಡುತ್ತದೆ. ಅಲ್ಲಿಯೂ ಎಲ್ಲ ಸರಿಯಾಯಿತು ಎಂದಲ್ಲ, ಕೊರತೆ ಬೇಕಾದಷ್ಟು ಉಂಟು. ಆದರೆ ಹಾಜರಿ ಎಂಬುದು ಅರ್ಧ ಲೆಕ್ಕ, ಕೂಲಿ ಕೈಸೇರಿದರೆ ಮಾತ್ರ ಪೂರ್ತಿ ಲೆಕ್ಕ ಎಂದು ಅವರಿಗೆ ಅರ್ಥವಾಯಿತು. ಯುಎಇಯಲ್ಲಿ ಜೂನ್ 15ರಿಂದ ಸೆಪ್ಟೆಂಬರ್ 15ರವರೆಗೆ ಮಧ್ಯಾಹ್ನ ಹನ್ನೆರಡೂವರೆಯಿಂದ ಮೂರರ ತನಕ ಬಯಲಿನ ಬಿಸಿಲಲ್ಲಿ ಕೆಲಸ ಮಾಡಿಸುವಂತಿಲ್ಲ. ಹೊತ್ತು ದಾಖಲಿಸುವ ಯಂತ್ರ ಇದ್ದರೆ ಆ ವಿರಾಮ ಕೊಟ್ಟರೋ ಇಲ್ಲವೋ ಎಂದೂ ಅದರಲ್ಲೇ ಕಾಣುತ್ತದೆ. ಯಂತ್ರ ಕೆಲಸಗಾರನನ್ನು ಮಾತ್ರ ನೋಡಬೇಕೆಂದು ಎಲ್ಲಿ ಬರೆದಿದೆ? ಮಾಲಕನನ್ನೂ ನೋಡಲಿ.

ನಮ್ಮ ಕೈಯಲ್ಲಿ ಆಗುವುದು

"ನಮ್ಮದು ಹತ್ತು ಜನರ ಕೆಲಸ ಉಸ್ತಾದ್, ಯಂತ್ರ, ಆ್ಯಪ್ ಎಂದರೆ ಎಲ್ಲಿಂದ ತರುವುದು?" ಎಂದು ಸಣ್ಣ ಕಾಂಟ್ರಾಕ್ಟರುಗಳು ಕೇಳುತ್ತಾರೆ. ತರಬೇಡಿ. ಪ್ರತಿದಿನ ಸಂಜೆ ಹಾಜರಿ ಪುಸ್ತಕದ ಆ ದಿನದ ಪುಟವನ್ನು ಫೋನಿನಲ್ಲಿ ಫೋಟೋ ತೆಗೆದು, ಕೆಲಸದವರ ವಾಟ್ಸ್ಆ್ಯಪ್ ಗ್ರೂಪಿಗೆ ಹಾಕಿ. ಯಾರ ಹೆಸರು, ಎಷ್ಟು ಹಾಜರಿ, ಎಷ್ಟು ಗಂಟೆ ಹೆಚ್ಚು, ಮುಂಗಡ ಎಷ್ಟು, ಇಷ್ಟಿದ್ದರೆ ಸಾಕು. ತಪ್ಪಿದ್ದರೆ ಅವತ್ತೇ ಹೇಳುತ್ತಾರೆ, ಶನಿವಾರ ಜಗಳ ಇಲ್ಲ. ಇದಕ್ಕೆ ಒಂದು ರೂಪಾಯಿ ಖರ್ಚಿಲ್ಲ. ಫೋನಿಲ್ಲದವನಿಗೆ ಒಂದು ಸಣ್ಣ ಪುಸ್ತಕ ಕೊಟ್ಟು ವಾರಕ್ಕೊಮ್ಮೆ ಸಹಿ ಹಾಕಿ, ನಮ್ಮ ತಾಯಂದಿರ ಬೀಡಿ ಪುಸ್ತಕದಂತೆ.

ದೊಡ್ಡ ಆ್ಯಪ್ ತರುವವರು ನಾಲ್ಕು ವಿಷಯ ನೋಡಿಕೊಳ್ಳಬೇಕು. ಕೆಲಸಗಾರನಿಗೆ ತನ್ನ ಹಾಜರಿ ತನ್ನ ಭಾಷೆಯಲ್ಲಿ ಕಾಣಬೇಕು. ಯಂತ್ರ ಹಿಡಿಯದ ದಿನ ಕೈಬರಹದ ಹಾಜರಿ ನಡೆಯಬೇಕು. ಕೆಲಸದ ಹೊತ್ತಿನ ಹೊರಗೆ ಜಾಗ ನೋಡಬಾರದು. ಕೆಲಸ ಬಿಟ್ಟು ಹೋಗುವಾಗ ಎಷ್ಟು ದಿನ ದುಡಿದ ಎಂಬ ಹಾಳೆಯನ್ನು ಕೇಳದೆಯೇ ಕೊಡಬೇಕು.

ನಮ್ಮ ಕಮಿಟಿಗಳಿಗೆ ಒಂದು ವಿನಂತಿ ಉಂಟು. ಮಸೀದಿ, ಮದ್ರಸ, ಹಾಲ್ ಕೆಲಸಕ್ಕೆ ಕಾಂಟ್ರಾಕ್ಟ್ ಕೊಡುವಾಗ ಅಗ್ರಿಮೆಂಟಿನಲ್ಲಿ ದರ, ಸ್ಕ್ವೇರ್ ಫೂಟ್, ಮುಗಿಸುವ ತಾರೀಕು ಎಲ್ಲ ಬರೆಯುತ್ತೇವೆ. ಅದರ ಜೊತೆ ಇನ್ನು ಮೂರು ಸಾಲು ಬರೆಯೋಣ: ಪ್ರತಿದಿನದ ಹಾಜರಿಯ ಒಂದು ಪ್ರತಿ ಕಮಿಟಿಗೆ, ಒಂದು ಕೆಲಸಗಾರನಿಗೆ, ಕೂಲಿ ಬಾಕಿ ಉಳಿದಿಲ್ಲ ಎಂದು ತೋರಿಸಿದ ಮೇಲೆಯೇ ಮುಂದಿನ ಕಂತು, ಕೆಲಸ ಮುಗಿದಾಗ ಎಲ್ಲರಿಗೂ ದಿನಗಳ ದೃಢೀಕರಣ. ಮೇಸ್ತ್ರಿಗೆ ಕೊಟ್ಟಿದ್ದೇವೆ, ನಮ್ಮ ಹೊಣೆ ಮುಗಿಯಿತು ಎಂದು ಕಮಿಟಿ ಹೇಳಿದರೆ ಕಾಗದದ ಮಟ್ಟಿಗೆ ಸರಿ ಇರಬಹುದು. ಆದರೆ ಕೂಲಿ ಸಿಗದವನ ಬೆವರಿರುವ ಗೋಡೆಯ ಒಳಗೆ ನಿಂತು ನಾವು ನಮಾಝ್ ಮಾಡುವವರು.

ಮನೆ ಕಟ್ಟಿಸುವವರು ವಾರಕ್ಕೊಮ್ಮೆ ಸೈಟಿಗೆ ಹೋಗಿ ಟೈಲ್ಸಿನ ಬಣ್ಣ ನೋಡುತ್ತಾರೆ, ಸಿಮೆಂಟ್ ಚೀಲ ಎಣಿಸುತ್ತಾರೆ. ಗಲ್ಫಿನಲ್ಲಿದ್ದವರು ವೀಡಿಯೊ ಕಾಲ್‌ನಲ್ಲೇ ನೋಡುತ್ತಾರೆ. ಅದೇ ಹೊತ್ತಿಗೆ ಕೆಲಸದವರ ಹತ್ತಿರ, "ಹೋದ ವಾರದ್ದು ಸಿಕ್ಕಿತಾ?" ಎಂದು ಒಂದು ಮಾತು ಕೇಳಿದರೆ ಏನೂ ಕಡಿಮೆಯಾಗುವುದಿಲ್ಲ. ನಮ್ಮ ಯುವಕರ ಸಂಘಟನೆಗಳು ರಕ್ತದಾನ, ಕಿಟ್ ವಿತರಣೆ ಚೆನ್ನಾಗಿ ಮಾಡುತ್ತವೆ. ವರ್ಷಕ್ಕೆ ಎರಡು ಭಾನುವಾರ ಕಟ್ಟಡ ಕಾರ್ಮಿಕರ ನೋಂದಣಿಗೆ ಕೂತರೆ, ಅರ್ಜಿ ತುಂಬಿಸಿಕೊಟ್ಟರೆ, ಅದರ ಪುಣ್ಯ ಬಹಳ ಕಾಲ ನಡೆಯುತ್ತದೆ. ನಮ್ಮ ಊರಿನ ಹುಡುಗರಿಗೆ ಮಾತ್ರ ಅಲ್ಲ, ಶೆಡ್ಡಿನಲ್ಲಿ ಮಲಗುವ ಪರಊರಿನವರಿಗೂ ಮಾಡಬೇಕು. ಪರಊರಿನಲ್ಲಿ ಬಂಕ್ ಬೆಡ್ಡಿನಲ್ಲಿ ಮಲಗಿ ಸಂಬಳಕ್ಕೆ ಕಾದ ಕಷ್ಟ ನಮಗಿಂತ ಹೆಚ್ಚು ಗೊತ್ತಿರುವವರು ಯಾರು?

ಯಂತ್ರ ಬೇಡ ಎಂದು ಕೂತರೆ ಅದು ನಿಲ್ಲುವುದಿಲ್ಲ, ಬಂದೇ ಬರುತ್ತದೆ. ಬರುವಾಗ ಅದನ್ನು ಬಾಗಿಲಲ್ಲೇ ನಿಲ್ಲಿಸಿ ಕೇಳಬೇಕಾದ್ದು ಒಂದೇ: ನೀನು ಬರೆಯುವುದರ ಒಂದು ಪ್ರತಿ ದುಡಿಯುವವನಿಗೆ ಕೊಡುತ್ತೀಯಾ ಇಲ್ಲವಾ? ಕೊಡುತ್ತೇನೆ ಎಂದರೆ ಒಳಗೆ ಕರೆಯೋಣ. ಇಲ್ಲ ಎಂದರೆ, ಅದು ಹಳೆಯ ಮೇಸ್ತ್ರಿಯ ಜೇಬೇ, ಹೊಸ ಬಟ್ಟೆಯಲ್ಲಿ ಹೊಲಿದದ್ದು ಅಷ್ಟೇ.